ಕಡವಿನಬೈಲು ಆಸ್ಪತ್ರೆಯ ನೂರಕ್ಕೆ ನೂರು ನಿರ್ವಹಣೆ

ಕುಮಟಾ ಹೊನ್ನಾವರಗಳ ನಡುವೆ, ಹೆದ್ದಾರಿಯಿಂದ ಕೂಗಳತೆಯಲ್ಲಿರುವ ಕಡವಿನಬೈಲು ಸರಕಾರಿ ಆಸ್ಪತ್ರೆಯಲ್ಲಿ ಕಳೆದ ನಾಲ್ಕು ವರ್ಷಗಳಿಂದ ಒಂದೇ ಒಂದು ಯಂತ್ರವೂ ಕೆಟ್ಟಿಲ್ಲ. ಇದು ದಾಖಲೆಯಲ್ಲಿರುವ ಸಂಗತಿ. ಅನುಮಾನವಿದ್ದವರು ಕಚೇರಿ ವೇಳೆಯಲ್ಲಿ ಬಂದು ಖಾತ್ರಿ ಮಾಡಿಕೊಳ್ಳಬಹುದು. ಯಂತ್ರಗಳು ನಡೆಯುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ದಾಖಲೆಯಲ್ಲಿ ಅಂಕಣವಿಲ್ಲ.

ಈ ಸಾಧನೆಗೆ ಕಾರಣಳಾದವಳು ಕಾಯ್ಕಿಣಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ನರ್ಸ್ ಮಾಲಿನಿ. ಉಪಕರಣಗಳ ನಿರ್ವಹಣೆಯ ಗುತ್ತಿಗೆ ಹಿಡಿದ ಕಂಪನಿಯ ಎಂಜಿನಿಯರು ಹುಬ್ಬಳ್ಳಿಯಿಂದ ಹೊರಟಿದ್ದಾರೆಂಬ ಸುದ್ದಿ ಬಂದು ಆಗಲೇ ಎರಡು ಮಳೆಗಾಲ ಕಳೆದಿತ್ತು. ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು: ಪ್ರತಿ ಯಂತ್ರದ ‘ನಿರ್ವಹಣೆಗೆ ಮುಂಚಿನ’ ಹಾಗೂ ‘ನಿರ್ವಹಣೆಯ ನಂತರದ’ ಫೋಟೊಗಳನ್ನು ಸಂಜೆ ಐದರೊಳಗೆ ಆ್ಯಪಿಗೆ ಏರಿಸತಕ್ಕದ್ದು. ಅವಸರದಲ್ಲಿ ಮಾಲಿನಿ ಆಯುಧಪೂಜೆಗೆಂದು ಮೊಬೈಲಿನಲ್ಲಿ ತೆಗೆದಿದ್ದ ಫೋಟೊಗಳನ್ನೇ ಏರಿಸಿಬಿಟ್ಟಳು. ಮುಂಚಿನದರಲ್ಲಿ ಧೂಳಿತ್ತು, ನಂತರದ್ದರಲ್ಲಿ ಕುಂಕುಮ ಮತ್ತು ಗೊಂಡೆಹೂವು. ಅರ್ಧ ಗಂಟೆಯಲ್ಲಿ ‘ನಿರ್ವಹಣೆ ತೃಪ್ತಿಕರ’ ಎಂಬ ಉತ್ತರ ಬಂತು. ವಾರದೊಳಗೆ ಯಂತ್ರಗಳಿಗೆ ಅಂಟಿಸಲು ಅಂಚೆಯಲ್ಲಿ ಹಸಿರು ಸ್ಟಿಕ್ಕರುಗಳೂ ಬಂದವು.

ಮಾಲಿನಿ ಹೆದರಿ, ವೈದ್ಯಾಧಿಕಾರಿ ದಿನಕರ ಅವರಲ್ಲಿ ತಪ್ಪೊಪ್ಪಿಕೊಂಡಳು. ದಿನಕರ ಆದೇಶವನ್ನು ಎರಡು ಸಲ ಓದಿ, ನಿರ್ವಹಣೆ ಎಂದರೇನು ಎಂದು ಅದರಲ್ಲಿ ಎಲ್ಲೂ ಹೇಳಿಲ್ಲವಾದ್ದರಿಂದ ತಪ್ಪು ನಡೆದೇ ಇಲ್ಲ ಎಂದು ತೀರ್ಮಾನಿಸಿದರು. ಮರುವರ್ಷದಿಂದ ಭಟ್ಟರನ್ನು ಕರೆಸಿ, ಯಂತ್ರಕ್ಕೊಂದರಂತೆ ಮಂಗಳಾರತಿ ಎತ್ತಿ, ನಿರ್ವಹಣೆಯನ್ನು ಶಿಸ್ತಿಗೆ ತರಲಾಯಿತು.

ಮೂರನೇ ವರ್ಷದ ಪೂಜೆ ಮುಗಿದ ವಾರದಲ್ಲಿ ಬಾಡ ಊರಿನ, ಮೀನು ಮಾರುವ ಕಮಲಿ ಉಬ್ಬಸ ಹೆಚ್ಚಾಗಿ ಬಂದಳು. ಔಷಧವನ್ನು ಹಬೆ ಮಾಡಿ ಮೂಗಿಗೆ ಕೊಡುವ ನೆಬ್ಯುಲೈಸರಿಗೆ ಮಾಲಿನಿ ಸ್ವಿಚ್ ಹಾಕಿದಳು. ಅದು ಗುರ್ ಎಂದು ಸುಮ್ಮನಾಯಿತು. ಕಮಲಿಯ ತುಟಿ ನೀಲಿಯಾಗುತ್ತ ಬಂತು. ಆಟೋದಲ್ಲಿ ಮಲಗಿಸಿ ಕುಮಟೆಗೆ ಒಯ್ದದ್ದರಿಂದ ಜೀವವೇನೋ ಉಳಿಯಿತು. ಆದರೆ ದಾರಿಯುದ್ದಕ್ಕೂ ಅವಳ ಬೆನ್ನು ನೀವುತ್ತ ಕುಳಿತಿದ್ದ ಮಾಲಿನಿಗೆ, ಇದು ತನ್ನದೇ ಕೈಯಿಂದ ಆದದ್ದು ಎಂಬುದು ಸ್ಪಷ್ಟವಾಗಿತ್ತು.

ಮರುದಿನ ಸಹಾಯವಾಣಿಗೆ ದೂರು ಕೊಟ್ಟಳು. ನಿರ್ವಹಣೆ ತೃಪ್ತಿಕರವಾಗಿರುವ ಯಂತ್ರ ಮುಂದಿನ ನಿರ್ವಹಣೆಯವರೆಗೆ ಕೆಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಅಲ್ಲಿನವರು ಸೌಜನ್ಯದಿಂದ ತಿಳಿಸಿದರು. ಕೆಟ್ಟೇ ಇದೆ ಎಂದಾದರೆ, ನಿರ್ವಹಣೆ ಸರಿಯಾಗಿ ಮಾಡಿಲ್ಲವೆಂದು ಅದನ್ನು ಮಾಡಿದವರೇ ಬರೆದುಕೊಡಬೇಕು. ಮಾಲಿನಿ ಭಟ್ಟರ ಮನೆಗೆ ಹೋದಳು. ಮಂತ್ರದಲ್ಲಾಗಲಿ ಆರತಿಯಲ್ಲಾಗಲಿ ಲೋಪವಾಗಿಲ್ಲವೆಂದು ಭಟ್ಟರು ಖಡಾಖಂಡಿತವಾಗಿ ಹೇಳಿ, ಪಾನಕ ಕೊಟ್ಟು ಕಳಿಸಿದರು.

ಆಸ್ಪತ್ರೆ ಆವರಣದಲ್ಲಿ ಹೊರಗಿನವರು ಯಂತ್ರ ಬಿಚ್ಚುವಂತಿಲ್ಲ. ಆವರಣದ ಹೊರಗೆ ಬಿಚ್ಚಬಾರದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ; ದಿನಕರ ಇದನ್ನು ಓದಿ ಹೇಳಿ, ಕಿಟಕಿಯತ್ತ ಮುಖ ತಿರುಗಿಸಿಕೊಂಡರು. ಮಾಲಿನಿ ನೆಬ್ಯುಲೈಸರನ್ನು ಕೈಚೀಲದಲ್ಲಿಟ್ಟುಕೊಂಡು, ದೋಣಿ ಎಂಜಿನ್ ರಿಪೇರಿ ಮಾಡುವ ಶನಿಯಾರನ ಶೆಡ್ಡಿಗೆ ನಡೆದಳು. ಅವನು ನಾಲ್ಕು ಸ್ಕ್ರೂ ಬಿಚ್ಚಿ, ಗಾಳಿ ಎಳೆಯುವ ಜಾಗದಿಂದ ಒಂದು ಹಿಡಿ ಕುಂಕುಮವನ್ನೂ ಒಣಗಿದ ಹೂವಿನ ಎಸಳುಗಳನ್ನೂ ಹೊರತೆಗೆದ.

“ಎಂತ ಸಿಸ್ಟರೇ ಇದು?” ಎಂದ.

“ಮೂರು ವರ್ಷದ ನಿರ್ವಹಣೆ” ಎಂದಳು ಮಾಲಿನಿ.

ಶನಿಯಾರ ಫಿಲ್ಟರ್ ಬದಲಿಸಿ, ಒರೆಸಿ, ಸ್ವಿಚ್ ಹಾಕಿದ. ಯಂತ್ರ ಓಡಿತು. ಆದರೆ ಬಿಚ್ಚುವಾಗ ಹಸಿರು ಸ್ಟಿಕ್ಕರು ಹರಿದಿತ್ತು. ಸ್ಟಿಕ್ಕರಿಲ್ಲದ ಯಂತ್ರವನ್ನು ಆವರಣದಲ್ಲಿ ಇಟ್ಟುಕೊಂಡವರ ಮೇಲೆ ಶಿಸ್ತುಕ್ರಮವಿದೆ. ಹಾಗಾಗಿ ನೆಬ್ಯುಲೈಸರು ಶೆಡ್ಡಿನಲ್ಲೇ ಉಳಿಯಿತು. ಉಬ್ಬಸದವರಿಗೆ ದಿನಕರ ಚೀಟಿ ಬರೆಯತೊಡಗಿದರು: ‘ಹೆಚ್ಚಿನ ಚಿಕಿತ್ಸೆಗಾಗಿ ದೋಣಿ ಶೆಡ್ಡಿಗೆ ಕಳುಹಿಸಲಾಗಿದೆ.’ ಮಾಲಿನಿ ಔಷಧ ಹಿಡಿದು ಹಿಂದೆ ಹೋಗುವಳು. ಬರಬರುತ್ತ ಬಿ.ಪಿ. ಯಂತ್ರವೂ ಕೂಸುಗಳ ತೂಕದ ಯಂತ್ರವೂ ಅದೇ ದಾರಿ ಹಿಡಿದವು. ಡೀಸೆಲ್ ವಾಸನೆ ಬಿಟ್ಟರೆ ಶೆಡ್ಡಿನ ಬಗ್ಗೆ ಯಾರ ದೂರೂ ಇರಲಿಲ್ಲ.

ನಾಲ್ಕನೇ ವರ್ಷ, ಜಿಲ್ಲೆಯಲ್ಲೇ ಮಾದರಿಯಾದ ಈ ನಿರ್ವಹಣೆಯನ್ನು ಕಣ್ಣಾರೆ ನೋಡಲು ಉಪಕರಣ ಪಾಲನಾಧಿಕಾರಿ ನಾಗಪತಿಯವರೇ ಆಯುಧಪೂಜೆಯ ದಿನ ಪ್ರಶಸ್ತಿಫಲಕ ಹಿಡಿದು ಬಂದರು. ಶೆಡ್ಡಿನಲ್ಲಿರುವ ಯಂತ್ರಗಳ ಹಳೆಯ ಫೋಟೊಗಳಿಗೆ ಚೌಕಟ್ಟು ಹಾಕಿಸಿ ಹಾರ ಹಾಕಲಾಗಿತ್ತು. ಯಂತ್ರಕ್ಕಿಂತ ಫೋಟೊ ಧೂಳು ಹಿಡಿಯುವುದು ಕಡಿಮೆಯೆಂದು ನಾಗಪತಿ ಮೆಚ್ಚಿಕೊಂಡರು. ಇಪ್ಪತ್ತೆರಡನೆಯ ಕರ್ಪೂರದಾರತಿಯ ಹೊತ್ತಿಗೆ ಅವರಿಗೆ ಉಬ್ಬಸ ಎದ್ದು, ಭಾಷಣ ಅರ್ಧಕ್ಕೇ ನಿಂತಿತು. ದಿನಕರ ಚೀಟಿ ಬರೆದರು.

ಶೆಡ್ಡಿನ ಬೆಂಚಿನಲ್ಲಿ ಕಮಲಿ ಮಾಸ್ಕ್ ಹಾಕಿಕೊಂಡು ಕುಳಿತಿದ್ದಳು. ಸಾಹೇಬರ ಮುಖ ನೋಡಿ ಅರ್ಧಕ್ಕೇ ತೆಗೆದು ಎದ್ದುಕೊಟ್ಟಳು. ಮಾಲಿನಿ ಹೊಸ ಮಾಸ್ಕ್ ಜೋಡಿಸಿದಳು. ಹತ್ತು ನಿಮಿಷದಲ್ಲಿ ನಾಗಪತಿಯವರ ಉಸಿರು ಹದಕ್ಕೆ ಬಂತು, ಕಣ್ಣು ಯಂತ್ರದ ಮೇಲೆ ಹೋಯಿತು.

“ಇದಕ್ಕೆ ಸ್ಟಿಕ್ಕರ್ ಇಲ್ಲವಲ್ಲ?”

“ಇದು ಓಡ್ತದೆ ಸರ್” ಎಂದಳು ಮಾಲಿನಿ.

ಇಷ್ಟು ಒಳ್ಳೆಯ ಯಂತ್ರ ನಿರ್ವಹಣೆಯಿಂದ ವಂಚಿತವಾಗಬಾರದು, ಇವತ್ತೇ ಭಟ್ಟರನ್ನು ಕರೆಸಿ ಎಂದು ಅವರು ಉದಾರವಾಗಿ ಹೇಳಿದರು. ಬಾಯಿ ಬಿಟ್ಟವಳು ಕಮಲಿ. ಗೋಡೆ ಹಿಡಿದು ನಿಂತು, ಮಾತಿಗೊಮ್ಮೆ ಉಸಿರೆಳೆಯುತ್ತ ಕೇಳಿದಳು:

“ಸಾಯೇಬ್ರೆ, ಇದೊಂದ್ಕೆ ಮಾತ್ರ ಪೂಜೆ ಮಾಡ್ಸಬೇಡಿ. ನಾ ಬದ್ಕಬೇಕು.”

ನಾಗಪತಿ ಕಾಗದ ತರಿಸಿ, ಸದರಿ ಯಂತ್ರವು ಕೆಲಸ ಮಾಡುತ್ತಿರುವ ಕಾರಣ ಸಾರ್ವಜನಿಕ ಹಿತದೃಷ್ಟಿಯಿಂದ ಅದಕ್ಕೆ ನಿರ್ವಹಣೆಯಿಂದ ವಿನಾಯಿತಿ ನೀಡಲಾಗಿದೆ ಎಂದು ಆದೇಶ ಬರೆದು ಸಹಿ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದಿನಕರ ಅವರ ಕಣ್ಣು ತೇವವಾಯಿತು. ಅಷ್ಟು ಬರೆದದ್ದಕ್ಕೆ ಆಯಾಸವಾಗಿ, ಸಾಹೇಬರು ಇನ್ನೊಂದು ಸುತ್ತು ಹಬೆ ಕೊಡಿ ಎಂದು ಮಾಸ್ಕ್ ಏರಿಸಿಕೊಂಡರು. ಕಮಲಿ ಕೈಮುಗಿದು, ಏದುಸಿರು ಬಿಡುತ್ತ, ಬೆಂಚಿನ ತುದಿಯಲ್ಲಿ ತನ್ನ ಪಾಳಿಗೆ ಕಾದಳು.