ಬಾವಿಗೋಸ್ಕರ ಜೈಲಿಗೆ ಹೊರಟಿದ್ದು

ಬನ್ನಿ, ಚಾಪೆ ಮೇಲೆ ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಪ್ರಾಣ ಬಾಯಿಗೆ ಬಂದ ಹೊತ್ತಲ್ಲೇ ನಗಿಸಿಬಿಡೋದು ನಮ್ಮ ಜನದ ಚಾಳಿ. ಆಗಿನ್ನೂ ರಾಜಾಜಿನಗರ ಕಟ್ಟುತ್ತಿದ್ದ ಕಾಲ. ರಸ್ತೆಗೆ ಅಡ್ಡ ಅಂತ ನಮ್ಮ ಹಳ್ಳಿಯ ಒಂದೇ ಒಂದು ಸಿಹಿನೀರ ಬಾವಿ ಮುಚ್ಚೋಕೆ ಆರ್ಡರಾಯ್ತು. ಅದು ಹೋದರೆ ಎರಡು ಮೈಲಿ ಆಚೆಯ ಕೆರೆಯೇ ಗತಿ. ನಾನೋ ದಿನ ತುಂಬಿದ ಬಸುರಿ.

೧. ಮಾವನ ಪಾಠ

ನನ್ನ ಮಾವ ನಲವತ್ತೇಳರ ಮೈಸೂರು ಚಲೋದಲ್ಲಿ ಜೈಲು ಕಂಡೋರು. ಹೆಂಗಸರನ್ನೆಲ್ಲ ಸೇರಿಸಿ, “ಅರಮನೆ ಸರ್ಕಾರಾನೇ ಬಗ್ಗಿಸಿದೋರು ನಾವು. ಈಗಿರೋದು ನಮ್ಮ ಓಟಿನ ಸರ್ಕಾರ, ಬಗ್ಗಲ್ವಾ? ಕಲ್ಲು ಹೊಡೀಬೇಡಿ. ಬಾವಿಕಟ್ಟೆ ಮೇಲೆ ಕೂತ್ಕೊಳ್ಳಿ. ಹಿಡಿದ್ರೆ ಜೈಲಿಗೆ ನಡೀರಿ,” ಅಂದ್ರು.

ನಮ್ಮತ್ತೆ ಮೆಲ್ಲಗೆ ಕೇಳಿದ್ರು: “ಜೈಲಲ್ಲಿ ರಾಗಿ ಬೀಸೋರು ಯಾರು?”

“ನಾನಂತೂ ಬೀಸಲಿಲ್ಲ. ಹೊತ್ತೊತ್ತಿಗೆ ಮುದ್ದೆ ಅವರೇ ಕೊಡ್ತಿದ್ರು.”

ಬೆಳಗಾಗೋದರೊಳಗೆ ಮೂವತ್ತು ಹೆಂಗಸರು ತಟ್ಟೆ, ಚೊಂಬು, ಕಂಬಳಿ ಕಟ್ಟಿಕೊಂಡು ಸಿದ್ಧ!

೨. ಮಣ್ಣಿನ ಲಾರಿ

ಲಾರಿ ಗುರ್ರ್ ಅಂತ ಬಂದು ಒಂದು ಮಾರು ದೂರದಲ್ಲಿ ನಿಂತಿತು. ಯಾರೂ ಏಳಲಿಲ್ಲ. ನನ್ನ ಹೊಟ್ಟೆಯೊಳಗೆ ಮಗು ಒದೀತಿತ್ತು. ಮಾವನಿಗೆ ಬರ್ತಿದ್ದದ್ದು ಮೈಸೂರು ಚಲೋ ಕಾಲದ ಹಳೇ ಘೋಷಣೆ ಒಂದೇ. ಎದೆ ಕೊಟ್ಟು ನಿಂತು ಕೂಗಿದ್ರು: “ದಿವಾನರೇ, ಕುರ್ಚಿ ಬಿಟ್ಟು ಇಳೀರಿ!”

ಡ್ರೈವರು ದಡಬಡ ಇಳಿದು ಕೈಮುಗಿದ: “ಇಳಿದೆ ಅಜ್ಜಾ! ಆದ್ರೆ ನಾನು ಬಾಡಿಗೆ ಲಾರಿಯೋನು, ದಿವಾನ ಅಲ್ಲ!”

೩. ದಫೇದಾರರ ಪಜೀತಿ

ಪೊಲೀಸ್ ವ್ಯಾನಲ್ಲಿ ದಫೇದಾರರು ಬಂದರು, ಜೊತೆಗೆ ಬಡಾವಣೆ ಕಟ್ಟಿಸೋ ಸಾಹೇಬರೂ. “ಎಲ್ಲರನ್ನೂ ಒಳಗೆ ಹಾಕ್ರೀ!” ಅಂತ ಅಬ್ಬರಿಸಿದರು. ವ್ಯಾನಲ್ಲಿ ಹಿಡಿಯೋದು ಹತ್ತೇ ಜನ. ಮೂವತ್ತೂ ಜನ ನುಗ್ಗಿದರು.

ನಮ್ಮತ್ತೆ ನನ್ನ ಸೆರಗು ಹಿಡಿದೆಳೆದು, “ಹಿರಿಯಳು ಕಣೇ, ಮೊದಲು ನಾನು!” ಅಂದ್ರು.

“ಮನೇಲೂ ನಿಮ್ಮದೇ ಮೊದಲು, ಜೈಲಿಗೂನಾ ಅತ್ತೆ?” ಅಂತ ನಾನು ಹತ್ತಿಯೇಬಿಟ್ಟೆ. ಕೂತಿದ್ದೇ ತಡ, ಸೊಂಟದಲ್ಲಿ ನೋವು ಛಳಕ್ ಅಂತು. ನನ್ನ ಮುಖ ನೋಡಿ ದಫೇದಾರರು ಬಿಳಿಚಿಕೊಂಡರು.

“ಇಳಿಯಮ್ಮಾ ತಾಯೀ! ವ್ಯಾನಲ್ಲಿ ಹೆರಿಗೆ ಆದ್ರೆ ಯಾವ ಸೆಕ್ಷನ್ ಹಾಕ್ಲಿ ನಾನು?”

“ಬಾವಿ ಮುಚ್ಚಲ್ಲ ಅಂತ ಸಾಹೇಬ್ರು ಬರೆದುಕೊಡ್ಲಿ, ಇಳೀತೀನಿ.”

ಸಾಹೇಬರು ಹಲ್ಲು ಕಚ್ಚಿ ಬರೆದರು. “ನಂಗೆ ಓದು ಬರಲ್ಲ, ಗಟ್ಟಿಯಾಗಿ ಓದಿ,” ಅಂದೆ. ಊರೆಲ್ಲ ಕೇಳೋ ಹಾಗೆ ಮೂರು ಸಲ ಓದಿಸಿದೆ. ಬೇಗ ಮುಗೀಲಿ ಅಂತ ದಫೇದಾರರೂ ಜೊತೆಗೆ ಓದಿದರು!

ರಸ್ತೆ ಬಾವಿಯನ್ನ ಬಳಸಿಕೊಂಡು ಹೋಯಿತು. ಅವತ್ತು ಸಂಜೆ ಮನೇಲೇ ಹುಟ್ಟಿದ ಮಗಳು ಮುಂದೆ ಸ್ಕೂಲ್ ಟೀಚರಾದಳು. ಮಾವ ಆ ನೀರೇ ಕುಡಿದು ತೊಂಬತ್ತು ಮುಟ್ಟಿ ಹೋದರು. ದಫೇದಾರರು ಪಿಂಚಣಿ ತಗೊಂಡು ತಮ್ಮೂರು ಸೇರಿದರು. ಸಾಹೇಬರು ಮಾತ್ರ ಅದೇ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಮೊದಲ ಬೇಸಿಗೆಗೇ ನಲ್ಲಿ ಒಣಗಿತು, ಕೊಡ ಹಿಡಿದು ನಮ್ಮ ಬಾವಿಗೇ ಬಂದರು.

ನಮ್ಮತ್ತೆ ತಲೆ ಎತ್ತದೆ ಅಂದ್ರು: “ಬನ್ನಿ ಸಾಹೇಬ್ರೇ, ಸಾಲಿನ ಕೊನೇಲಿ ನಿಂತ್ಕೊಳ್ಳಿ.”