ಕೌದಿಯಲ್ಲಿ ಗುಡ್ಡ ಹತ್ತಿದ ಅಳಿಯ

ಕ್ರೂಸರ್ ಗಾಡಿಯ ಹಿಂದೆ ಕಲ್ಲಿನ ಮೇಲೆ ಕುಳಿತು ಸುಭಾಸ ತನ್ನ ಬಲಗಾಲಿಗೆ ಹರಿದ ಟವೆಲ್ಲಿನ ಪಟ್ಟಿ ಸುತ್ತುತ್ತಿದ್ದ. ಸುತ್ತಿದ, ಜಗ್ಗಿ ನೋಡಿದ, ಸಡಿಲವಾಯಿತೆಂದು ಬಿಚ್ಚಿ ಮತ್ತೆ ಸುತ್ತಿದ, ಗಂಟು ಹಾಕಿದ. ಆ ಕಾಲಿಗೆ ಏನೂ ಆಗಿರಲಿಲ್ಲ.

ಆಗಿದ್ದೆಲ್ಲ ಎದೆಗೆ. ಎದುರಿಗೆ ರಾಷ್ಟ್ರೀಯ ಉದ್ಯಾನದ ಗುಡ್ಡ ನಿಂತಿತ್ತು. ಅದರ ಚೂಪಾದ ಅಂಚಿನ ಮೇಲೆ ಕಾಲುದಾರಿ ಚಡ್ಡಿಯಿಂದ ಹೊರಬಂದ ಲಾಡಿಯ ಹಾಗೆ ಜೋತುಬಿದ್ದಿತ್ತು. ಸುಭಾಸನಿಗೆ ಎತ್ತರವೆಂದರೆ ಜೀವಭಯ. ನೇಸರಗಿಯ ತನ್ನ ಕಿರಾಣಿ ಅಂಗಡಿಯಲ್ಲಿ ಮೇಲಿನ ಹಲಗೆಯ ಸಾಮಾನು ಯಾರು ಕೇಳಿದರೂ "ಖಾಲಿ ಆಗೇತ್ರಿ" ಅನ್ನುತ್ತಿದ್ದ. ಏಣಿಯ ಎರಡನೆಯ ಮೆಟ್ಟಿಲಿಗೇ ಕಣ್ಣು ಮುಚ್ಚಿ ಇಳಿದುಬಿಡುತ್ತಿದ್ದ. ಮದುವೆಯಾಗಿ ಆರು ತಿಂಗಳಾದರೂ ಹೆಂಡತಿ ರಾಜೇಶ್ವರಿಗೆ ಈ ಗುಟ್ಟು ಹೇಳಿರಲಿಲ್ಲ. ಇನ್ನು ಬೈಲಹೊಂಗಲದ ಅತ್ತೆಮನೆಯವರಿಗೆ ತಿಳಿದರೆ? ಅಂಜುಬುರುಕ ಅಳಿಯ ಎಂಬ ಹೆಸರು ಬಸ್ಸಿಗಿಂತ ಮೊದಲು ನೇಸರಗಿ ಮುಟ್ಟುತ್ತಿತ್ತು.

"ಅಳಿಯಂದ್ರ ಗುಡ್ಡ ನೋಡಬೇಕು" ಎಂದು ಅತ್ತೆ ಗುರವ್ವ ತಾನೇ ನಿಶ್ಚಯ ಮಾಡಿ ಗಾಡಿ ಹೇಳಿದ್ದಳು. ಅಳಿಯನನ್ನು ಯಾರೂ ಕೇಳಿರಲಿಲ್ಲ.

ರಾಜೇಶ್ವರಿಯ ತಮ್ಮ ಮಡಿವಾಳೆಪ್ಪ ಗಾಡಿಯ ಹಿಂದಕ್ಕೆ ಬಂದ. "ಯಾಕ್ರಿ ಮಾಮಾರ, ಕಾಲಿಗೇನಾತ್ರಿ?"

"ಇಳಿಯುವಾಗ ಉಳಕ್ತಪಾ. ನೀವೆಲ್ಲಾ ಹೋಗಿ ಬರ್ರಿ. ನಾ ಇಲ್ಲೇ ಗಾಡ್ಯಾಗ ಕುಂದರತೇನಿ."

ಗುರವ್ವ ಬುತ್ತಿಯ ಗಂಟು ಕೆಳಗಿಟ್ಟಳು. "ಅಳಿಯಂದ್ರನ್ನ ಬುಡಕ ಕುಂದರ್ಸಿ ನಾವು ಮ್ಯಾಲೆ ಹೋಗಿ ರೊಟ್ಟಿ ತಿನ್ನೂದಾ? ಮಂದಿ ಏನಂದಾರು! ಏ ಬಸವಣ್ಣೆಪ್ಪಾ, ಗಾಡ್ಯಾಗಿನ ಕೌದಿ ತಗೊಂಬಾ," ಎಂದು ಇನ್ನೊಬ್ಬ ಮಗನನ್ನು ಕೂಗಿದಳು.

ಸುಭಾಸನಿಗೆ ಮೊದಲು ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಇಬ್ಬರು ಮೈದುನರೂ ಕೂಡಿ ಉದ್ಯಾನದ ಕಾವಲುಗಾರನಿಂದ ಗೇಟಿನ ಹಳೆಯ ಬಿದಿರ ಗಳವನ್ನು ಇಸಿದುಕೊಂಡು, ಹಳೆಬಟ್ಟೆ ಹೊಲಿದ ಆ ಕೌದಿಯ ಎರಡೂ ತುದಿ ಅದಕ್ಕೆ ಬಿಗಿದು, ಅವನನ್ನು ಜೋಳದ ಚೀಲದ ಹಾಗೆ ಅದರೊಳಗೆ ಇಳಿಬಿಟ್ಟಿದ್ದರು.

"ಮದವ್ಯಾಗ ಮೆರವಣಿಗಿ ಬ್ಯಾಡಂದ್ರಿ. ಈಗ ಮಾಡಿಸ್ಕೋರಿ," ಅಂದ ಮಡಿವಾಳೆಪ್ಪ.

ಕಾವಲುಗಾರ ಇದನ್ನೆಲ್ಲ ಬಾಯಿ ತೆರೆದು ನೋಡಿದ. "ಮಂಜು ಬರೋ ಮುಂಚೆ ಇಳಿದುಬಿಡಿ. ಮಂಜು ಬಿದ್ದ ಮೇಲೆ ಕಾಡುಕೋಣಗಳು ಇದೇ ದಾರೀಲಿ ಓಡಾಡ್ತವೆ. ಆಗ ನಾವೂ ಮೇಲೆ ಬರೋದಿಲ್ಲ."

ಮೆರವಣಿಗೆ ಹೊರಟಿತು. ಮುಂದೆ ಮಡಿವಾಳೆಪ್ಪ, ಹಿಂದೆ ಬಸವಣ್ಣೆಪ್ಪ, ನಡುವೆ ತೂಗುವ ಸುಭಾಸ. ಅವನ ಕರ್ಮಕ್ಕೆ ಕೌದಿಯ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಆ ಕಿಂಡಿಯಲ್ಲಿ ಮೊದಲು ಹುಲ್ಲು ಕಂಡಿತು, ಆಮೇಲೆ ಕಲ್ಲು, ಆಮೇಲೆ ಏನೂ ಇಲ್ಲ. ಬಹಳ ಕೆಳಗೆ ಮರಗಳು ಕೊತ್ತಂಬರಿ ಸೂಡಿನಷ್ಟಾಗಿದ್ದವು.

"ಮಾಮಾರ, ಹೆಗಲ ಬದಲ ಮಾಡತೇನ್ರಿ. ಗಟ್ಟಿ ಹಿಡಕೋರಿ," ಅಂದ ಹಿಂದಿನಿಂದ ಬಸವಣ್ಣೆಪ್ಪ.

"ಏನ ಹಿಡಕೊಳ್ಳೋ ಮಾರಾಯಾ!"

ಗಳ ಎದ್ದಿತು, ಬಿದ್ದಿತು. ಸುಭಾಸ ಕಣಿವೆಯ ಮೇಲೆ ಒಮ್ಮೆ ತೂಗಿ ಬಂದ.

"ಏನ್ರೀ, ಕಣ್ಣ ಯಾಕ ಮುಚ್ಚೀರಿ?" ಕೇಳಿದಳು ರಾಜೇಶ್ವರಿ.

"ನೋವ ಆಗಾಕತ್ತೇತಿ."

"ಕಾಲ ನೋವಿಗೆ ಕಣ್ಣ ಮುಚ್ಚತಾರೇನ್ರಿ?"

"ಸುಮ್ನ ಬಾರ," ಗದರಿದಳು ಗುರವ್ವ. ಅವಳು ಕೌದಿಯ ಅಂಚು ಹಿಡಿದು "ಶಿವಶಿವಾ" ಅನ್ನುತ್ತ ಬರುತ್ತಿದ್ದಳು. ಅಳಿಯನ ಮೇಲೆ ಎಂಥ ಕಾಳಜಿ ಎಂದು ಸುಭಾಸನಿಗೆ ನಾಚಿಕೆಯಾಯಿತು. ಎರಡು ಸಲ ನಿಜ ಹೇಳಲು ಬಾಯಿ ತೆರೆದ. ಎರಡು ಸಲವೂ ಗಳ ಕಿರ್ರೆಂದಿತು. ಬಾಯಿ ಮುಚ್ಚಿಕೊಂಡ.

ತುದಿಯ ಬಂಡೆಯ ಮೇಲೆ ಅವನನ್ನು ಇಳಿಸಿದರು. ಬುತ್ತಿ ಬಿಚ್ಚಿದರು. ಯಾರೂ ರೊಟ್ಟಿ ಮುರಿಯಲಿಲ್ಲ. ಯಾರೂ ಕೆಳಗೆ ನೋಡಲಿಲ್ಲ. ಕಣಿವೆಯಿಂದ ಮಂಜು ಹೊಗೆಯ ಹಾಗೆ ಏರತೊಡಗಿತ್ತು.

"ನಡೀರಿ, ಮಂಜ ಬಂತು," ಅಂದಳು ರಾಜೇಶ್ವರಿ. ತಾನು ಮಾತ್ರ ಏಳಲಿಲ್ಲ.

ಆಗ ಆರಡಿ ಆಳು ಮಡಿವಾಳೆಪ್ಪ ಎರಡೂ ಕೈಯಿಂದ ಹುಲ್ಲು ಹಿಡಿದುಕೊಂಡ. "ಯವ್ವಾ, ನನ್ನಿಂದ ಇಳಿಯಾಕ ಆಗಂಗಿಲ್ಲ. ಬರುವಾಗ ನನ್ನ ಪಾದ ಬಿಟ್ಟ ಬ್ಯಾರೆ ಏನೂ ನೋಡಿಲ್ಲ ನಾ."

"ನಾನರ ಏನ ನೋಡೇನೋ?" ಅಂದ ಬಸವಣ್ಣೆಪ್ಪ. "ದಾರಿ ತುಂಬ ಮಾಮಾರ ಮಾರಿ ನೋಡಕೋತ ಬಂದೆ. ಅದಕ್ಕಽ ಗಳ ಹೊತ್ತೆ."

"ನಾ ಕೌದಿ ಬಿಟ್ಟಿದ್ರ ಅಲ್ಲೇ ಕೂತಬಿಡ್ತಿದ್ದೆ," ಅಂದಳು ಗುರವ್ವ. ರಾಜೇಶ್ವರಿ ಕಣ್ಣು ಮುಚ್ಚಿ ತಾಯಿಯ ತೋಳಿಗೆ ಜೋತುಬಿದ್ದಳು.

"ಹಂಗಾದ್ರ ಯಾಕ ಬಂದ್ರಿ ಅತ್ತೀ?"

"ನಿಮ್ಮ ಸಲುವಾಗ್ರಿ! ನಿಮ್ಮ ಫೋನ್ ತೆರೆದ್ರ ಸಾಕು, ಗುಡ್ಡದ ಚಿತ್ರ. ಅಳಿಯಂದ್ರಿಗೆ ಗುಡ್ಡದ ಹುಚ್ಚ ಐತಿ ಅಂತ ತಿಳಕೊಂಡ್ವಿ."

"ಅಯ್ಯ, ಅದು ಫೋನ್ ಕೊಂಡು ತರುವಾಗಽ ಅದರಾಗ ಇತ್ರಿ!"

ಸುಭಾಸನಿಗೆ ನಗು ತಡೆಯಲಾಗಲಿಲ್ಲ. ಆರು ತಿಂಗಳ ಭಾರ ಒಮ್ಮೆಲೇ ಇಳಿಯಿತು. "ನನಗೂ ಎತ್ತರ ಅಂದ್ರ ಜೀವ ಹೋಗತೈತ್ರಿ ಅತ್ತೀ! ಕಾಲಿಗೂ ಏನೂ ಆಗಿಲ್ಲ, ಸುಳ್ಳ ಹೇಳೇನಿ. ನೋಡ್ರಿಲ್ಲಿ!" ಎಂದು ಪಟ್ಟಿ ಕಿತ್ತೊಗೆದು ಬಂಡೆಯ ಮೇಲೆ ಎರಡು ಸಲ ಕುಣಿದ.

ಯಾರೂ ನಗಲಿಲ್ಲ. ನಾಲ್ವರೂ ಅವನ ಕಾಲನ್ನೇ ನೋಡಿದರು.

"ಕಾಲ ಗಟ್ಟಿ ಅದಾವು," ಅಂದ ಬಸವಣ್ಣೆಪ್ಪ.

"ದಣಿವೂ ಆಗಿಲ್ಲ," ಅಂದ ಮಡಿವಾಳೆಪ್ಪ.

ಗುರವ್ವ ಕೈ ಮುಗಿದಳು. "ಹಂಗಾದ್ರ ನೀವಽ ಮುಂದ ನಡೀರಿ ಅಳಿಯಂದ್ರ. ನಾವು ಕಣ್ಣ ಮುಚ್ಚಿ ನಿಮ್ಮ ಬೆನ್ನ ಹತ್ತಿ ಬರತೇವಿ."

"ಅತ್ತೀ, ನನಗೂ ಅಂಜಿಕಿ ಅಂತ ಈಗ ಹೇಳಿದ್ನೆಲ್ರಿ!"

"ಹೌದ್ರಿ. ಖರೇ, ಮುಂದಿದ್ದಾವ್ರು ಒಬ್ರರ ಕಣ್ಣ ತೆರೀಬೇಕಲ್ರಿ."

ಹಿಂದಿನಿಂದ ಅಂಗಿ ಬಿಗಿಯಾಯಿತು. ರಾಜೇಶ್ವರಿ ಅದನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದಳು, ಅವಳನ್ನು ಗುರವ್ವ, ಗುರವ್ವನನ್ನು ಮಕ್ಕಳು. ಸುಭಾಸ ಬಂಡೆಯ ಅಂಚಿಗೆ ಬಂದ. ದಾರಿಯ ಅರ್ಧವನ್ನು ಮಂಜು ನುಂಗಿತ್ತು. ಉಳಿದರ್ಧದ ಎರಡೂ ಬದಿಗೆ ನೆಲವೇ ಇರಲಿಲ್ಲ. ಕೆಳಗೆ ಎಲ್ಲೋ ಭಾರವಾದದ್ದೊಂದು ಬುಸ್ಸೆಂದು ಉಸಿರು ಬಿಟ್ಟಿತು.

ಅವನು ಹಿಂದಕ್ಕೆ ತಿರುಗಿ ನೋಡಿದ. ಎಂಟು ಕಣ್ಣೂ ಮುಚ್ಚಿದ್ದವು.

"ಯಾರರ ನನ್ನ ಕೈ ಹಿಡಕೋರಿ," ಅಂದ.

ಹಿಂದಿನಿಂದ ಅಂಗಿ ಮಾತ್ರ ಇನ್ನಷ್ಟು ಬಿಗಿಯಾಯಿತು.