ಮೌನಗೌರಿಯ ಮೂರು ನಿಮಿಷ

ಎಲ್ಲ ಎಡವಟ್ಟಿಗೂ ಕಾರಣ ಹೆಬ್ಬೆರಳು ಗಾತ್ರದ ಒಂದು ಪೆನ್‌ಡ್ರೈವ್. ಬೆಳಗ್ಗೆ ಒಂಬತ್ತು ಗಂಟೆಗೆ ಅದು ಇಂಗ್ಲಿಷ್ ಮೇಷ್ಟ್ರ ಮೇಜಿನ ಮೇಲೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿಕೊಂಡು ಕೂತಿತ್ತು. ತಂದಿಟ್ಟವಳು ಒಂಬತ್ತನೇ ಕ್ಲಾಸಿನ ಕೊನೇ ಬೆಂಚಿನ ಹುಡುಗಿ. ಹಾಜರಿ ಕರೆದರೂ ಕೈಯೆತ್ತಿಯೇ ಕೆಲಸ ಮುಗಿಸುವವಳು. ಎರಡು ವರ್ಷದಿಂದ ಕ್ಲಾಸಿನಲ್ಲಿ ಅವಳ ದನಿ ಕೇಳಿದವರಿಲ್ಲ. ಇಡೀ ಶಾಲೆಗೆ ಅವಳು ಮೌನಗೌರಿ.

ಮೇಷ್ಟ್ರಿಗೂ ಒಂದು ಅಡ್ಡಹೆಸರಿತ್ತು, ಕೊಳಲು ಮೇಷ್ಟ್ರು ಅಂತ. ಆಳು ಆರಡಿ, ದನಿ ಮಾತ್ರ ಆರನೇ ಕ್ಲಾಸಿನದು. ಫೋನಿನಲ್ಲಿ ಅಪರಿಚಿತರೆಲ್ಲ "ಹೇಳಿ ಮೇಡಂ" ಎಂದೇ ಮಾತು ಶುರು ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅವರು ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಅಷ್ಟೂ ವರ್ಷದಲ್ಲಿ ಇಂಗ್ಲಿಷ್ ವ್ಯಾಕರಣದ ಬಗ್ಗೆ ಮಾತಾಡಿದ್ದೇ ಹೆಚ್ಚು, ಇಂಗ್ಲಿಷಿನಲ್ಲಿ ಮಾತಾಡಿದ್ದು ಅಷ್ಟಕ್ಕಷ್ಟೆ.

ಮೂರು ತಿಂಗಳ ಹಿಂದೆ ಒಂದು ತರಬೇತಿಗೆ ಹೋಗಿ ಬಂದವರಿಗೆ ಹೊಸ ಹುರುಪು ಹತ್ತಿತ್ತು. ಡಿಜಿಟಲ್ ಕತೆಯ ಹುರುಪು. ಪ್ರತಿ ಮಗುವೂ ತನ್ನ ಮನೆಯದೋ ಬೀದಿಯದೋ ಏಳು ಫೋಟೋ ತೆಗೆಯಬೇಕು, ಅವು ಒಂದೊಂದಾಗಿ ಪರದೆಯ ಮೇಲೆ ಬರುವಾಗ ತನ್ನದೇ ದನಿಯಲ್ಲಿ ಮೂರು ನಿಮಿಷ ಇಂಗ್ಲಿಷಿನಲ್ಲಿ ಕತೆ ಹೇಳಬೇಕು. ತಪ್ಪಾದರೆ ಅಳಿಸಿ ಮತ್ತೆ ಹೇಳಬಹುದು. ನಗುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ. ಅಷ್ಟೇ ಉಪಾಯ. ಆದರೆ ಅದು ಫಲಿಸಿತ್ತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗ ತನ್ನ ಮಾವನ ಸೈಕಲ್ ಅಂಗಡಿಯ ಬಗ್ಗೆ ಪಟಪಟ ಮಾತಾಡಿದ್ದ. ಇನ್ನೊಬ್ಬಳು ತನ್ನ ಕುಂಟ ನಾಯಿಯ ಕತೆ ಹೇಳಿ ಮೇಷ್ಟ್ರ ಕಣ್ಣಲ್ಲಿ ನೀರು ತರಿಸಿದ್ದಳು.

ಆ ಸಂತೋಷದಲ್ಲಿ ಮೇಷ್ಟ್ರು ಹೆಡ್‌ಮಿಸ್ ಮುಂದೆ ಬಾಯಿ ಬಿಟ್ಟಿದ್ದರು. "ಮೂವತ್ತೊಂದಕ್ಕೆ ಮೂವತ್ತೊಂದು ಮಕ್ಕಳೂ ಮಾತಾಡ್ತವೆ ಮೇಡಂ. ಒಂದು ಕಡಿಮೆ ಆದ್ರೂ ಈ ಯೋಜನೆ ಬಿಟ್ಟು ವ್ಯಾಕರಣಕ್ಕೆ ವಾಪಸ್ ಹೋಗ್ತೀನಿ." ಹೆಡ್‌ಮಿಸ್ ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡಿದ್ದರು. ಇವತ್ತು ಮಧ್ಯಾಹ್ನ ಮೂರಕ್ಕೆ ಶಿಕ್ಷಣ ಇಲಾಖೆಯ ಆಫೀಸರ್ ಬಂದು ಎಲ್ಲ ಕತೆ ನೋಡುವವರಿದ್ದರು. ಮೂವತ್ತು ಸಿದ್ಧವಾಗಿದ್ದವು. ಮೌನಗೌರಿಯದು ಮಾತ್ರ ಬಾಕಿ ಇತ್ತು.

ಮೇಷ್ಟ್ರು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಹಳೇ ಹೊಲಿಗೆ ಮಷಿನಿನ ಫೋಟೋ ಬಂತು. ಸ್ಪೀಕರಿನಿಂದ ಟಕಟಕ ಟಕಟಕ. ಹತ್ತು ಸೆಕೆಂಡಾದರೂ ಅದೇ. ಇಪ್ಪತ್ತಾದರೂ ಅದೇ. ಮೇಷ್ಟ್ರ ಎದೆಯೂ ಅದೇ ತಾಳ ಹಿಡಿಯಿತು. ಅರ್ಧ ನಿಮಿಷಕ್ಕೆ ನಿಲ್ಲಿಸಿ, ವರಾಂಡದಲ್ಲಿ ಹೋಗುತ್ತಿದ್ದ ಹುಡುಗಿಯನ್ನು ಕೂಗಿದರು.

"ಏನಮ್ಮಾ ಇದು? ಬರೀ ಮಷಿನ್ ಸದ್ದಿದೆ?"

"ಹೂಂ ಸರ್. ಮೊದಲು..."

"ಮೊದಲೇನು, ಕೊನೆಯೇನು! ಮೂರು ತಿಂಗಳು ಹೇಳಿ ಹೇಳಿ ನನ್ನ ಗಂಟಲು ಒಣಗೋಯ್ತು. ಹೋಗು, ಕ್ಲಾಸಿಗೆ ಹೋಗು."

ಹುಡುಗಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಹೋದಳು.

ಸ್ಟಾಫ್ ರೂಮಿನಲ್ಲಿ ಸುದ್ದಿ ಹಬ್ಬಲು ಮೇಷ್ಟ್ರು ಒಂದು ನಿಟ್ಟುಸಿರು ಬಿಟ್ಟಿದ್ದೇ ಸಾಕಾಯಿತು. ಎಲ್ಲರ ಹತ್ತಿರವೂ ಒಂದೊಂದು ಔಷಧಿ ಇತ್ತು.

"ನನ್ ಕೈಗೆ ಕೊಡಿ," ಎಂದರು ಪೀಟಿ ಮಾಸ್ಟರ್. "ಗ್ರೌಂಡಲ್ಲಿ ಎರಡು ರೌಂಡ್ ಓಡ್ಸಿ ಸೀಟಿ ಊದಿದ್ರೆ ಮಾತು ತಾನಾಗೇ ಉದುರುತ್ತೆ."

"ಓಡ್ಸಿದ್ರೆ ಏದುಸಿರು ಉದುರುತ್ತೆ ಅಷ್ಟೆ," ಎಂದರು ವಿಜ್ಞಾನದ ಮೇಡಂ. "ಭಯ ಅನ್ನೋದು ಉಸಿರಾಟದ ಸಮಸ್ಯೆ. ನಾನು ಸರಿ ಮಾಡ್ತೀನಿ."

ಹನ್ನೊಂದು ಗಂಟೆಗೆ ಮೌನಗೌರಿಯನ್ನು ಕಂಪ್ಯೂಟರ್ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿದರು. ಬಲಕ್ಕೆ ವಿಜ್ಞಾನದ ಮೇಡಂ ನಿಂತು, "ಉಸಿರು ಎಳ್ಕೋ, ಬಿಡು, ಎಳ್ಕೋ," ಎನ್ನತೊಡಗಿದರು. ಎಡಕ್ಕೆ ಪೀಟಿ ಮಾಸ್ಟರ್, "ಎದೆ ಮುಂದೆ, ಗದ್ದ ಮೇಲೆ!" ಎಂದರು. ಹೆಡ್‌ಮಿಸ್ ತಾವೇ ಬಂದು ತಲೆ ಸವರಿದರು.

"ಹೆದರ್ಬೇಡ ಪುಟ್ಟಾ. ನೀನು ಮಾತಾಡದಿದ್ರೆ ಯಾರೂ ಏನೂ ಮಾಡಲ್ಲ. ನಿಮ್ಮ ಸರ್ ಯೋಜನೆ ನಿಂತುಹೋಗುತ್ತೆ, ಅಷ್ಟೆ."

ಹುಡುಗಿ ಒಮ್ಮೆ ಪೆನ್‌ಡ್ರೈವಿನ ಕಡೆ ಬೆರಳು ತೋರಿಸಿದಳು. "ಆ ಸದ್ದು ಕೇಳಿ ಆಯ್ತಮ್ಮ, ಈಗ ನಿನ್ನ ಮಾತು ಬೇಕು," ಎಂದರು ಮೇಷ್ಟ್ರು. ನಾಲ್ಕು ಜೊತೆ ಕಣ್ಣು ಅವಳ ತುಟಿಯನ್ನೇ ನೋಡುತ್ತಿದ್ದವು. ಹಾಗೆ ನೋಡಿದರೆ ದೊಡ್ಡವರ ಬಾಯಿಂದಲೂ ಮಾತು ಹೊರಡುವುದಿಲ್ಲ. ಅವಳು ಎದ್ದು ಕ್ಲಾಸಿಗೆ ಹೋಗಿಬಿಟ್ಟಳು.

"ಸರಿ, ಯಾರಾದ್ರೂ ದನಿ ಕೊಡಿ," ಎಂದರು ಹೆಡ್‌ಮಿಸ್. "ಬೇರೆ ಮಕ್ಕಳು ಬೇಡ, ಆಫೀಸರ್ ಅವರ ದನೀನೂ ಕೇಳ್ತಾರೆ, ಗೊತ್ತಾಗಿಬಿಡುತ್ತೆ. ನಮ್ಮಲ್ಲೇ ಯಾರಾದ್ರೂ."

ಹುಡುಗಿ ಬರೆದುಕೊಟ್ಟಿದ್ದ ಕತೆ ನೋಟ್‌ಬುಕ್ಕಿನಲ್ಲಿ ಇದ್ದೇ ಇತ್ತು. ಮೊದಲು ವಿಜ್ಞಾನದ ಮೇಡಂ ಓದಿದರು. ಪರೀಕ್ಷಾ ಕೊಠಡಿಯಲ್ಲಿ ಸೂಚನೆ ಕೊಟ್ಟ ಹಾಗಿತ್ತು, ಮಧ್ಯದಲ್ಲಿ ಅಭ್ಯಾಸಬಲದಿಂದ "ಅಕ್ಕಪಕ್ಕ ನೋಡಬೇಡಿ" ಎಂದೂ ಸೇರಿಸಿದರು. ಪೀಟಿ ಮಾಸ್ಟರ್ "ಮೈ ಮದರ್!" ಎಂದ ಅಬ್ಬರಕ್ಕೆ ಮೈಕೇ ಕಿರುಚಿಕೊಂಡಿತು. ಆಮೇಲೆ ಎಲ್ಲರೂ ನಿಧಾನವಾಗಿ ಕೊಳಲು ಮೇಷ್ಟ್ರ ಕಡೆ ತಿರುಗಿದರು.

"ಮೇಷ್ಟ್ರೇ, ದೇವರು ನಿಮಗೆ ಆ ದನಿ ಸುಮ್ನೆ ಕೊಟ್ಟಿಲ್ಲ," ಎಂದರು ಹೆಡ್‌ಮಿಸ್.

"ಮೇಡಂ, ಅದು ಮಗು ಕತೆ. ಮಗುನೇ ಹೇಳ್ಬೇಕು. ಯೋಜನೆ ಇರೋದೇ ಅದಕ್ಕೆ."

"ಯೋಜನೆ ಉಳೀಬೇಕೋ ಬೇಡ್ವೋ?"

ಮೇಷ್ಟ್ರು ಒಳ್ಳೆಯವರೇ. ಇಲ್ಲ ಎನ್ನಬೇಕಾದ ಕಡೆ ತಲೆ ಕೆರೆದುಕೊಳ್ಳುವುದೊಂದು ಅವರ ದೋಷ. ತಲೆ ಕೆರೆದುಕೊಂಡರು. ಉಳಿದವರು ಅದನ್ನು ಒಪ್ಪಿಗೆ ಎಂದುಕೊಂಡರು.

ಹೊರಗಿನ ಗಲಾಟೆ ಬೀಳಬಾರದೆಂದು ಕಿಟಕಿ ಮುಚ್ಚಿದರು, ಫ್ಯಾನ್ ಆರಿಸಿದರು. ನಲವತ್ತೆಂಟು ವರ್ಷದ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ, ಹದಿನಾಲ್ಕು ವರ್ಷದ ಹುಡುಗಿಯಾಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಅಮ್ಮನ ಹೊಲಿಗೆ ಮಷಿನಿಗೆ ನನಗಿಂತ ಹೆಚ್ಚು ವಯಸ್ಸು. ಅದು ದಿನವಿಡೀ ಮಾತಾಡುತ್ತದೆ, ಅದಕ್ಕೇ ನಮ್ಮ ಮನೆಯಲ್ಲಿ ನಾನು ಕೇಳುವವಳು. ಅದು ನಿಂತಾಗ ಮಾತ್ರ ನನ್ನ ಸರದಿ. ಎಷ್ಟು ಚೆನ್ನಾಗಿ ಬರೆದಿದ್ದಾಳೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಅಷ್ಟರಲ್ಲಿ ವಿಜ್ಞಾನದ ಮೇಡಂ ಸೂಜಿಯ ಚಲನೆಯ ಬಗ್ಗೆ ಎರಡು ವಾಕ್ಯ ಸೇರಿಸಿದರು. ಪೀಟಿ ಮಾಸ್ಟರ್ ಮಷಿನ್ ತುಳಿಯುವುದರಿಂದ ಕಾಲಿಗೆ ಆಗುವ ವ್ಯಾಯಾಮವನ್ನು ಸೇರಿಸಿದರು. ಹೆಡ್‌ಮಿಸ್ ಕೊನೆಗೆ ಹಾಕಿ ಎಂದು ತಮ್ಮದೊಂದು ಫೋಟೋ ಕೊಟ್ಟು ಹೋದರು.

ಉಳಿಸಲು ಹೋದರೆ ಮುದಿ ಕಂಪ್ಯೂಟರ್ ಜಾಗವಿಲ್ಲ ಎಂದಿತು. ಗಂಟೆ ಎರಡೂಮುಕ್ಕಾಲು. ಮೇಷ್ಟ್ರು ಪೆನ್‌ಡ್ರೈವಿನಲ್ಲಿದ್ದ ಟಕಟಕವನ್ನು ಪೂರಾ ಅಳಿಸಿ, ಆ ಜಾಗದಲ್ಲಿ ತಮ್ಮ ದನಿ ತುಂಬಿಕೊಂಡು ಓಡಿದರು.

ಸಭೆಯ ಕೋಣೆಯಲ್ಲಿ ಹಿಂದಿನ ಸಾಲಿನ ತುಂಬ ತಂದೆತಾಯಂದಿರು ಕೂತಿದ್ದರು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಿದ್ದವರು ಮೌನಗೌರಿಯ ಅಮ್ಮ. ಆಫೀಸರ್ ಮೆತ್ತಗಿನ ಮನುಷ್ಯ, ಕೈಯಲ್ಲೊಂದು ಟ್ಯಾಬ್ ಇತ್ತು. "ಇದರಲ್ಲಿ ಒಂದು ಆ್ಯಪ್ ಇದೆ," ಎಂದರು. "ಇಂಗ್ಲಿಷ್ ಮಾತು ಕೇಳಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತೆ. ಯಾರ ಮುಖಾನೂ ನೋಡಲ್ಲ."

ಸೈಕಲ್ ಅಂಗಡಿಗೆ ಅರವತ್ತೆಂಟು. ಕುಂಟ ನಾಯಿಗೆ ಎಪ್ಪತ್ತನಾಲ್ಕು. ಮೂವತ್ತು ಮಕ್ಕಳಲ್ಲಿ ಐವತ್ತಕ್ಕಿಂತ ಕೆಳಗೆ ಒಬ್ಬರೂ ಇಳಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮೇಷ್ಟ್ರಿಗೆ ತಾವೂ ಕೆಲಸಕ್ಕೆ ಬರುವವರು ಅನ್ನಿಸಿತು. ಕೊನೆಗೆ ಹೊಲಿಗೆ ಮಷಿನ್ ಪರದೆಯ ಮೇಲೆ ಬಂತು, ಜೊತೆಗೆ ಕೊಳಲು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರುಗಳೆಲ್ಲ ಸೂರಿನ ತೊಲೆ ಎಣಿಸಿದರು. ಹೆಡ್‌ಮಿಸ್ ಫೋಟೋದೊಂದಿಗೆ ಕತೆ ಮುಗಿಯಿತು. ಟ್ಯಾಬ್ ಸ್ವಲ್ಪ ಹೊತ್ತು ಯೋಚಿಸಿತು.

ಇಪ್ಪತ್ತೇಳು.

"ಪಾಪ," ಎಂದರು ಆಫೀಸರ್. "ಭಾಷೆ ಚೆನ್ನಾಗಿದೆ, ಉಚ್ಚಾರ ಪೂರ್ತಿ ಕೆಟ್ಟಿದೆ. ಈ ಮಗುಗೆ ಯಾರೋ ತುಂಬಾ ವರ್ಷ ತಪ್ಪಾಗಿ ಕಲಿಸಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರು ಕತ್ತು ಒರೆಸಿಕೊಂಡರು. "ಚಿಕ್ಕ ಕ್ಲಾಸಿನಲ್ಲಿ ಇರ್ಬೇಕು ಸರ್," ಎಂದರು ಹೆಡ್‌ಮಿಸ್ ಒಂದೇ ಉಸಿರಿಗೆ.

ಆಫೀಸರ್ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. "ಬೇಜಾರು ಮಾಡ್ಕೋಬೇಡಮ್ಮ. ಇಂಥ ಒಳ್ಳೇ ಮೇಷ್ಟ್ರು ಇದ್ದಾರೆ, ಸರಿ ಹೋಗುತ್ತೆ." ಆಮೇಲೆ ಹೆಡ್‌ಮಿಸ್ ಕಡೆ ತಿರುಗಿದರು. "ಯೋಜನೆ ಮುಂದುವರೀಲಿ. ಆದ್ರೆ ಈ ಮಗುಗೆ ಇವತ್ತಿಂದ ಒಂದು ತಿಂಗಳು, ದಿನಾ ಸಂಜೆ ಒಂದು ಗಂಟೆ ವಿಶೇಷ ಪಾಠ. ದಿನಾ ಆರು ಗಂಟೆಯೊಳಗೆ ಇದೇ ದನಿಯ ರೆಕಾರ್ಡಿಂಗ್ ನನಗೆ ಬರ್ಬೇಕು. ಹೇಗೆ ಸುಧಾರಿಸ್ತು ನೋಡ್ತೀನಿ."

ಮೌನಗೌರಿ ಮೂವತ್ತು ಮಕ್ಕಳ ಮುಂದೆ, ಅಮ್ಮನ ಮುಂದೆ, ತನ್ನದಲ್ಲದ ಇಪ್ಪತ್ತೇಳು ಅಂಕ ಹೊತ್ತುಕೊಂಡು ನಿಂತಿದ್ದಳು. ಒಮ್ಮೆ ಮೇಷ್ಟ್ರ ಕಡೆ ನೋಡಿದಳು. ಅದು ನನ್ನ ದನಿ ಎಂದು ಹೇಳಲು ಮೇಷ್ಟ್ರಿಗೆ ಆಗ ಅರ್ಧ ನಿಮಿಷ ಸಮಯವಿತ್ತು. ಅವರು ತಲೆ ಕೆರೆದುಕೊಂಡರು.

ಎಲ್ಲರೂ ಹೊರಟ ಮೇಲೆ ಹುಡುಗಿಯ ಅಮ್ಮ ಬಾಗಿಲ ಹತ್ತಿರ ಕಾದಿದ್ದರು.

"ಸರ್, ನಂಗೆ ಇಂಗ್ಲಿಷ್ ಬರಲ್ಲ, ಒಂದ್ ಮಾತು ಕೇಳ್ಲಾ? ಕಂಪ್ಯೂಟರ್ ಒಳಗೆ ಹೋದ್ರೆ ದನಿ ಹಾಗೆ ಬದಲಾಗುತ್ತಾ?"

"ಯಾ... ಯಾಕಮ್ಮಾ?"

"ನಿನ್ನೆ ಮನೇಲಿ ಬೇರೆ ಥರ ಇತ್ತು. ಮೊದಲು ಸ್ವಲ್ಪ ಹೊತ್ತು ಮಷಿನ್ ತುಳಿಯಮ್ಮಾ, ನಾನು ಕೈ ತೋರಿಸ್ದಾಗ ನಿಲ್ಸು, ಆಮೇಲೆ ನಾನು ಮಾತಾಡ್ತೀನಿ ಅಂದ್ಳು. ಹನ್ನೊಂದು ಸಲ ತುಳಿದೆ ಸರ್. ಹನ್ನೊಂದನೇ ಸಲ ಎಲ್ಲೂ ತಡವರಿಸದೆ ಹೇಳಿದ್ಳು. ಅರ್ಥ ಆಗ್ಲಿಲ್ಲ, ಆದ್ರೂ ಅತ್ತುಬಿಟ್ಟೆ. ಅದನ್ನ ಇನ್ನೊಂದ್ಸಲ ಕೇಳೋಣ ಅಂತ ಅಂಗಡಿ ಮುಚ್ಚಿ ಬಂದೆ."

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಮೇಷ್ಟ್ರು ಪ್ರತಿ ವರ್ಷ ಮಕ್ಕಳ ಕೈಲಿ ಇಂಗ್ಲಿಷಿಗೆ ಅನುವಾದ ಮಾಡಿಸುತ್ತಿದ್ದರು. "ಮನೆ ಫೋನಲ್ಲಿ ಅದು ಇದೆಯಾಮ್ಮಾ?"

"ಇಲ್ಲ ಸರ್. ಫೋನ್ ತುಂಬಿಹೋಗಿತ್ತು. ಸರ್ ಹತ್ರ ಭದ್ರವಾಗಿರುತ್ತೆ ಅಂತ ಅವಳೇ ಅಳಿಸಿದ್ಳು."

ಮೇಷ್ಟ್ರು ಏನೋ ಗೊಣಗಿ, ಕಂಪ್ಯೂಟರಿನ ತಪ್ಪು ಎಂದೇ ಹೇಳಿ ಕಳಿಸಿದರು. ಅಷ್ಟು ದೊಡ್ಡ ಸುಳ್ಳಿಗೆ ಆ ತಾಯಿ ಕೈಮುಗಿದು ಹೋದರು. ಅದು ಮೇಷ್ಟ್ರನ್ನು ಇನ್ನೂ ಸುಟ್ಟಿತು.

ವಿಶೇಷ ಪಾಠಕ್ಕೆ ಹುಡುಗಿ ಆಗಲೇ ಬಂದು ಕೂತಿದ್ದಳು. ಮೇಷ್ಟ್ರು ಅವಳ ಎದುರಿನ ಬೆಂಚಿನಲ್ಲಿ ಕೂತರು. ತಪ್ಪಾಯ್ತು ಎಂದು ಹೇಳುವುದನ್ನು ಯಾವ ತರಬೇತಿಯಲ್ಲೂ ಅವರಿಗೆ ಕಲಿಸಿರಲಿಲ್ಲ. ಆದರೂ ಹೇಳಿದರು.

"ನಾನು ಪೂರ್ತಿ ಕೇಳ್ಲಿಲ್ಲ ಕಣಮ್ಮಾ. ದೊಡ್ಡ ತಪ್ಪು ಮಾಡ್ಬಿಟ್ಟೆ. ಅಷ್ಟು ಜನರ ಮುಂದೆ ನೀನ್ಯಾಕೆ ಹೇಳ್ಲಿಲ್ಲ?"

"ನಿಮಗೆ ಅವಮಾನ ಆಗುತ್ತಲ್ಲ ಸರ್."

"ಈಗ ಇನ್ನೊಂದ್ಸಲ ಹೇಳ್ತೀಯಾ? ಇಲ್ಲಿ ಯಾರೂ ಇಲ್ಲ. ನಾನೂ ಹೊರಗೆ ಹೋಗ್ತೀನಿ."

ಹುಡುಗಿ ಮೈಕನ್ನು ಮೇಷ್ಟ್ರ ಕಡೆ ತಿರುಗಿಸಿದಳು. "ನಾನು ಹೇಳಿದ್ದಾಯ್ತು ಸರ್," ಎಂದಳು. ಸಿಟ್ಟಿನಿಂದ ಅಂದಿದ್ದಲ್ಲ. "ಆಫೀಸರ್ ಕೇಳಿರೋದು ಇದೇ ದನಿಯ ರೆಕಾರ್ಡಿಂಗ್ ಅಲ್ವಾ?"

ಗಂಟೆ ಆರಾಗಲು ಹತ್ತು ನಿಮಿಷವಿತ್ತು. ಈಗ ದನಿ ಬದಲಾದರೆ ಆಫೀಸರಿಗೆ ಗೊತ್ತಾಗುತ್ತದೆ. ಕಳಿಸದಿದ್ದರೆ ಯೋಜನೆ ನಿಲ್ಲುತ್ತದೆ, ಮೂವತ್ತು ಮಕ್ಕಳ ಬಾಯಿ ಮತ್ತೆ ಮುಚ್ಚುತ್ತದೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೊದಲ ವಾಕ್ಯವನ್ನು ಕೊಳಲಿನಲ್ಲಿ ಓದಿ ನೋಡಿದರು. ತಿಂಗಳಿಡೀ ಸಂಜೆ ಹೀಗೇ ಎಂದು ನೆನೆದು ಮಧ್ಯದಲ್ಲಿ ಒಂದು ಪದ ನುಂಗಿದರು.

"ಹಾಗಲ್ಲ ಸರ್," ಎಂದಳು ಹುಡುಗಿ. ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಒಂದು ವಾಕ್ಯವನ್ನು ಓದಿ ತೋರಿಸಿದಳು.

ಅವಳ ದನಿ ತಗ್ಗಿನದು, ಸ್ವಲ್ಪ ಒರಟು. ಮೇಷ್ಟ್ರು ಅವಳಿಗೆಂದು ಕೊಟ್ಟಿದ್ದ ಕೀಚಲು ದನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಂದೊಂದು ಪದವೂ ಅವಸರವಿಲ್ಲದೆ, ಇದ್ದ ಜಾಗದಲ್ಲೇ ಬಂದು ಕೂತಿತು. ಎರಡು ವರ್ಷ ಕಾದಿದ್ದ ಮಾತು ಎಂಟು ಸೆಕೆಂಡಿನಲ್ಲಿ ಮುಗಿದುಹೋಯಿತು, ಮೇಷ್ಟ್ರು ರೆಕಾರ್ಡಿಂಗ್ ಒತ್ತಿರಲಿಲ್ಲ.

"ಈಗ ನೀವು ಹೇಳಿ ಸರ್," ಎಂದಳು.

ಮೇಷ್ಟ್ರು ಹೇಳಿದರು. ಆಫೀಸರಿಗೆ ಕಳಿಸಿದರು. ಆರು ಗಂಟೆಗೆ ಸರಿಯಾಗಿ ಉತ್ತರ ಬಂತು: ಇಪ್ಪತ್ತೊಂಬತ್ತು. ಎರಡು ಅಂಕ ಹೆಚ್ಚಾಗಿತ್ತು. ಶಿಷ್ಯೆಯ ಪ್ರಗತಿ ಸಮಾಧಾನಕರವಾಗಿದೆ ಎಂದು ಮೇಷ್ಟ್ರಿಗೆ ಅಭಿನಂದನೆಯನ್ನೂ ಬರೆದಿದ್ದರು.